ಬ್ಯಾಟರಿಯ ಹಣೆಗೆ ವಿಭೂತಿ

ಕಲಿಸುವವನಿಗೆ ಎಲ್ಲ ಗೊತ್ತಿರುತ್ತದೆ ಎಂದು ಜನ ನಂಬುತ್ತಾರಲ್ಲ, ಅದರಷ್ಟು ದೊಡ್ಡ ಭ್ರಮೆ ಇನ್ನೊಂದಿಲ್ಲ. ಈಜು ಬಾರದವನೂ ದಂಡೆಯ ಮೇಲೆ ನಿಂತು ‘ಕೈ ಬಡಿ, ಕಾಲು ಬಡಿ’ ಎಂದು ಕೂಗಬಲ್ಲ. ನಾನು ಬಾಗಲಕೋಟೆಯ ಒಂದು ತರಬೇತಿ ಸಂಸ್ಥೆಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ವಿಭಾಗದ ಮಾಸ್ತರನಾಗಿದ್ದವನು. ಪ್ರತಿ ವರ್ಷದ ಮೊದಲ ಪಾಠ ಒಂದೇ. ‘ಗಾಡಿ ಚಾಲೂ ಆಗಲಿಲ್ಲಂದ್ರ ಮೊದಲ ಬ್ಯಾಟರಿ ಟರ್ಮಿನಲ್ ಬಿಚ್ಚಿ ಒರಸು. ಆಮ್ಯಾಲೆ ನಿನ್ನ ಶಾಣ್ಯಾತನ ತೋರಸು.’ ಇನ್ನೊಂದು ಮಾತನ್ನೂ ಹೇಳುತ್ತಿದ್ದೆ: ‘ಮೀಟರು ಸುಳ್ಳು ಹೇಳೂದಿಲ್ಲಲೇ, ಹಿಡದಾವ ಹೇಳ್ತಾನ.’ ಹುಡುಗರು ಬೆಂಚು ಬಡಿದು ನಗುತ್ತಿದ್ದರು. ಹೋದ ಎಳ್ಳ ಅಮಾವಾಸ್ಯೆಯ ದಿನ ಈ ಎರಡೂ ಮಾತು ನನ್ನ ಕೊರಳಿಗೇ ಬಂದು ಬಿದ್ದವು.

ಎಲೆಕ್ಟ್ರಿಕ್ ಮಾಸ್ತರನಿಗೆ ಮೋಟಾರು ಬೋಟು ಯಾಕೆ ಬೇಕಾಗಿತ್ತು ಎಂದು ನೀವು ಕೇಳಬಹುದು. ನೆಂಟರೆಲ್ಲ ಕೇಳಿ ಮುಗಿಸಿದ್ದಾರೆ. ನನ್ನ ಹೆಂಡತಿ ಗೌರವ್ವನ ತವರಿನ ಎರೆಹೊಲ ಕಲಾದಗಿಯ ಹತ್ತಿರ ಘಟಪ್ರಭೆಯ ಹಿನ್ನೀರಿನಲ್ಲಿ ಮುಳುಗಿದೆ. ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲಬೇಕು. ಮುಂದೊಬ್ಬರು ಭೂಮಿತಾಯಿಗೆ ಕಡುಬು, ಬಾನ ಚೆಲ್ಲುತ್ತ ಹೋಗುವುದು, ಹಿಂದೊಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ನೀರು ಚಿಮುಕಿಸುವುದು. ಹೊಲ ಮುಳುಗಿದ ಮೇಲೆ ಅವಳ ತವರಿನವರೆಲ್ಲ ಚರಗ ಬಿಟ್ಟರು. ಗೌರವ್ವ ಬಿಡಲಿಲ್ಲ. ‘ಹೊಲ ಸತ್ತಿಲ್ರಿ, ಮುಳಗೇತಿ ಅಷ್ಟ. ಅದಕ್ಕಂತ ಉಪಾಸ ಕೆಡವೂದೇನು?’ ಎಂದಳು. ಅದಕ್ಕೇ ನಾನು ನಿವೃತ್ತನಾದ ತಿಂಗಳೇ ಒಬ್ಬ ಮೀನುಗಾರನ ಹಳೇ ಬೋಟು ತಂದೆ. ಅಂದಿನಿಂದ ಪ್ರತಿ ವರ್ಷ ಆಕೆ ಮುಂದೆ ಕೂತು ನೀರಿಗೆ ಕಡುಬು ಚೆಲ್ಲುವುದು, ನಾನು ಹಿಂದೆ ಒಂದು ಕೈಯಲ್ಲಿ ಬೋಟು ತಿರುಗಿಸುತ್ತ ಇನ್ನೊಂದು ಕೈಯಲ್ಲಿ ತಂಬಿಗೆಯಿಂದ ನೀರು ಚಿಮುಕಿಸುವುದು. ನೀರಿನ ಮೇಲೆ ನೀರು ಚಿಮುಕಿಸುವ ಕೆಲಸಕ್ಕೆ ನೇಮಕವಾದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಮೀನುಗಳಿಗೆ ಮಾತ್ರ ಭಾಳ ಖುಷಿ.

ಇನ್ನು ಖಂಡೇಪೂಜೆಯ ಸಂಗತಿ. ಆಯುಧಪೂಜೆಯ ದಿನ ಮನೆಯ ಕುಡುಗೋಲು, ಹೊಲಿಗೆ ಮಷಿನ್ನು, ನನ್ನ ಮೀಟರು ಎಲ್ಲಕ್ಕೂ ವಿಭೂತಿ ಬೀಳುತ್ತಿತ್ತು. ಆಮೇಲೆ ಬೋಟು. ಅದರಲ್ಲೂ ಬ್ಯಾಟರಿಯ ಕ್ಲ್ಯಾಂಪು ನನ್ನಿಂದಲೇ ಬಿಚ್ಚಿಸಿ ಆ ಎರಡು ಸೀಸದ ಟರ್ಮಿನಲ್ಲಿಗೇ ಮೂರು ಬೆರಳಿಂದ ಹಚ್ಚಬೇಕು. ಯಾಕೆಂದರೆ ‘ಅದಕ್ಕ ಅದ ಹಣಿ.’ ವಿಭೂತಿಯೊಳಗಿಂದ ಕರೆಂಟು ಹಾಯುವುದಿಲ್ಲ ಮಾರಾಯ್ತಿ ಎಂದರೆ, ‘ಶಿವಾ ಹಾಯ್ತಾನ, ನಿಮ್ಮ ಕರೆಂಟ್ ಯಾವ ಲೆಕ್ಕ?’ ಎನ್ನುವಳು. ಆಕೆ ಕಾಯಿ ಒಡೆಯಲು ಆ ಕಡೆ ತಿರುಗಿದ ಕೂಡಲೇ ಅಂಗಿಯ ತುದಿಯಿಂದ ಒರೆಸಿ ಕ್ಲ್ಯಾಂಪು ಬಿಗಿಯುತ್ತಿದ್ದೆ. ಬೋಟು ಚಾಲೂ ಆಗುತ್ತಿತ್ತು. ‘ನೋಡ್ರಿ, ವಿಭೂತಿ ಮಹಿಮಾ’ ಎಂದು ಆಕೆ, ಅಂಗಿಯ ಮಹಿಮೆ ಎಂದು ಮನಸ್ಸಿನಲ್ಲಿ ನಾನು. ವರ್ಷಾನುಗಟ್ಟಲೆ ಈ ಕಳ್ಳಾಟ ನಡೆಯಿತು.

ಹೋದ ಖಂಡೇಪೂಜೆಗೆ ಆಕೆ ಕಾಯಿಲೆಯ ಹಾಸಿಗೆಯಿಂದ ಎದ್ದು ಬಂದಿದ್ದಳು. ಬ್ಯಾಡ ಅಂದರೂ ಕೇಳಲಿಲ್ಲ. ನಾನು ರಟ್ಟೆ ಹಿಡಿದು ದಂಡೆಗೆ ಇಳಿಸಿದೆ. ಟರ್ಮಿನಲ್ಲಿಗೆ ಆಕೆ ಎಳೆದ ಮೂರು ಗೆರೆಗಳು ಕೂಡಿ ಒಂದೇ ಆದವು. ಎಂದಿನಂತೆ ಕಾಯಿಯ ಕಡೆ ತಿರುಗಿದಳು, ನಾನು ಅಂಗಿಯ ತುದಿ ಹಿಡಿದೆ. ಒರೆಸಲು ಆಗಲಿಲ್ಲ. ಅದರ ಮೇಲೆಯೇ ಕ್ಲ್ಯಾಂಪು ಕೂರಿಸಿ ಬಿಗಿದೆ. ಅವತ್ತು ಬೋಟು ಚಾಲೂ ಮಾಡಲಿಲ್ಲ. ಕಾರ್ತಿಕದಲ್ಲಿ ಗೌರವ್ವ ಹೋದಳು.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಆಕೆಯ ತಂಗಿ ನೀಲವ್ವ ಇಳಕಲ್ಲಿನಿಂದ ಬುತ್ತಿಯ ಬುಟ್ಟಿ ಹೊತ್ತು ಬಂದಳು. ‘ಮಾವಾರ, ಅಕ್ಕ ದವಾಖಾನ್ಯಾಗ ನನ್ನ ಕೈ ಹಿಡಕೊಂಡು ಹೇಳ್ಯಾಳ, ಚರಗ ತಪ್ಪಸಬ್ಯಾಡ್ರಿ ಅಂತ. ಹೊತ್ತು ಏರೂದರಾಗ ಹೋಗೂಣ ನಡೀರಿ’ ಎಂದಳು. ದಂಡೆಗೆ ಬಂದು, ಬೋಟಿನಲ್ಲಿ ಕೂತು ಚಾವಿ ತಿರುಗಿಸಿದೆ. ಟಕ್ ಎಂದಿತು. ಉರಿಯುತ್ತಿದ್ದ ಕೆಂಪು ದೀಪ ಕಣ್ಣು ಮುಚ್ಚಿತು. ಅಷ್ಟೇ.

ಶುರುವಾಯಿತು ನೋಡಿ ನನ್ನ ಪಾಂಡಿತ್ಯ. ಫ್ಯೂಸು ತೆಗೆದೆ, ಹಾಕಿದೆ. ಚಾವಿಯ ವೈರು ಎಳೆದು ನೋಡಿದೆ. ಸ್ಟಾರ್ಟರಿನ ತಲೆಗೆ ನಟ್ಟು ಬಿಚ್ಚುವ ಪಾನಾದಿಂದ ನಾಲ್ಕು ಬಾರಿಸಿದೆ. ಮೀಟರು ಹಚ್ಚಿದರೆ ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟು, ಗಟ್ಟಿಯಾಗಿದೆ. ಚಾವಿ ತಿರುಗಿಸಿದಾಗ ಸ್ಟಾರ್ಟರಿನ ಹತ್ತಿರ ಏನೂ ಇಲ್ಲ. ಅಂದರೆ ನಡುವೆ ಯಾರೋ ನುಂಗುತ್ತಿದ್ದಾರೆ. ಯಾರು ಎಂದು ಮೊದಲ ವರ್ಷದ ದಡ್ಡನೂ ಹೇಳಿಯಾನು. ನಾನು ವೈರನ್ನು ಬೈದೆ, ಇಲಿಗಳನ್ನು ಬೈದೆ, ಬೋಟು ಕೊಟ್ಟ ಮೀನುಗಾರನನ್ನೂ ಬೈದೆ. ಕೊನೆಗೆ ಹುನಗುಂದದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೇ ಶಿಷ್ಯ ಮಲ್ಲಪ್ಪನಿಗೆ ಫೋನು ಮಾಡಿದೆ. ಎಲ್ಲ ಕೇಳಿ ಅವನು ಮೆಲ್ಲಗೆ, ‘ಸರ, ತಪ್ಪ ತಿಳೀಬ್ಯಾಡ್ರಿ. ಟರ್ಮಿನಲ್ ಬಿಚ್ಚಿ ಒರಸಿರೇನ್ರಿ?’ ಎಂದ.

‘ಒರಸೇನಪಾ’ ಎಂದೆ. ಮೀಟರು ಹಿಡಿದವ ಸುಳ್ಳು ಹೇಳಿದ್ದ.

ನೀಲವ್ವ ಬುಟ್ಟಿಯ ಮೇಲೆ ಸೆರಗು ಮುಚ್ಚಿ ನೋಡುತ್ತಲೇ ಕೂತಿದ್ದಳು. ಹೊತ್ತು ನೆತ್ತಿಗೆ ಬಂದಿತ್ತು. ‘ಮಾವಾರ, ಎಲ್ಲಾ ಬಿಚ್ಚಿದ್ರಿ. ಅದೊಂದು ಯಾಕ ಬಿಚ್ಚವಲ್ರಿ?’ ಎಂದು ಬ್ಯಾಟರಿಯ ಕಡೆ ಕೈ ಮಾಡಿದಳು. ಹೇಳಿಬಿಟ್ಟೆ. ಅದರೊಳಗೆ ನಿಮ್ಮಕ್ಕ ಹಚ್ಚಿದ ವಿಭೂತಿ ಇದೆ, ಆಕೆಯ ಬೆರಳಿನ ಗುರುತು ಇದೆ, ಬಿಚ್ಚಿ ಒರೆಸಿದರೆ ಅದೂ ಹೋಗುತ್ತದೆ ಎಂದೆ. ಹೇಳುವಾಗ ಅರವತ್ತು ದಾಟಿದ ಗಂಡಸಿನ ದನಿ ಹೇಗಿರಬೇಕೋ ಹಾಗಿರಲಿಲ್ಲ.

ನೀಲವ್ವ ಪಾನಾ ಎತ್ತಿ ನನ್ನ ಕೈಗೆ ಕೊಟ್ಟಳು. ‘ಅಕ್ಕ ಇಬತ್ತಿ ಹಚ್ಚಿದ್ದು ಬೋಟ್ ನಡೀಲಿ ಅಂತ್ರಿ ಮಾವಾರ. ನಿಂದರ್ಲಿ ಅಂತಲ್ಲ’ ಎಂದಳು.

ಪಾನಾ ಹಚ್ಚಿ ಬಿಚ್ಚಿದೆ. ಬಿಳಿ ಪದರು ಹಾಗೇ ಇತ್ತು, ಒಂದು ಬದಿಗೆ ಬೆರಳಿನ ಅಚ್ಚು. ಬ್ಯಾಟರಿಯ ಟರ್ಮಿನಲ್ಲಿನ ಪುಡಿಯನ್ನು ಬರಿಗೈಯಿಂದ ಮುಟ್ಟಬಾರದು, ಆಸಿಡ್ಡು ಇರುತ್ತದೆ ಎಂದು ಮೂವತ್ತು ವರ್ಷ ಕಲಿಸಿದವನು ನಾನು. ಮೂರು ಬೆರಳಿಂದ ಒರೆಸಿ ಹಣೆಗೆ ಹಚ್ಚಿಕೊಂಡೆ. ಚುರುಚುರು ಉರಿಯಿತು. ಕಣ್ಣಲ್ಲಿ ನೀರು ಬಂದದ್ದು ನೋಡಿ ನೀಲವ್ವ ಗಾಬರಿಯಾದಳು. ‘ಏನಿಲ್ಲವ್ವಾ, ಆಸಿಡ್ಡು’ ಎಂದೆ. ಕ್ಲ್ಯಾಂಪು ಬಿಗಿದು ಚಾವಿ ತಿರುಗಿಸಿದರೆ ಒಂದೇ ತಿರುವಿಗೆ ಬೋಟು ಚಾಲೂ ಆಯಿತು. ನೀಲವ್ವ ಮುಂದೆ ಕಡುಬು ಚೆಲ್ಲಿದಳು, ನಾನು ಹಿಂದೆ ನೀರಿಗೆ ನೀರು ಚಿಮುಕಿಸಿದೆ. ‘ಹುಲ್ಲುಲ್ಲಿಗೋ’ ಎಂದು ಕೂಗಬೇಕಾದವನು ನಾನು, ಅದನ್ನೂ ನೀಲವ್ವನೇ ಕೂಗಿದಳು.

ಬರುವ ಖಂಡೇಪೂಜೆಗೆ ಬ್ಯಾಟರಿಗೆ ವಿಭೂತಿ ತಪ್ಪಿಸಬಾರದು ಎಂದುಕೊಂಡಿದ್ದೇನೆ. ಹಚ್ಚುವವನೂ ನಾನೇ, ಆ ಕಡೆ ತಿರುಗಿದಾಗ ಕದ್ದು ಒರೆಸಬೇಕಾದವನೂ ನಾನೇ. ಯಾವ ಕಡೆ ತಿರುಗಬೇಕು ಎಂಬುದೊಂದೇ ಇನ್ನೂ ತಿಳಿಯುತ್ತಿಲ್ಲ.