ಕರಮಾನ್ ಕಚ್ಚಿದ ಕಾರಣ

ನಾಯಿ ಮನುಷ್ಯನನ್ನು ಏಕೆ ಕಚ್ಚುತ್ತದೆ ಎಂಬುದನ್ನು ನನ್ನಷ್ಟು ಬಲ್ಲವರು ಈ ಬಲ್ಗೇರಿಯದಲ್ಲೇ ಇನ್ನೊಬ್ಬರಿಲ್ಲ. ಇದ್ದರೆ ಅದು ನಾಯಿಯೇ ಇರಬೇಕು. ಹೆದರಿದರೆ ಕಚ್ಚುತ್ತದೆ. ಅಂಗಳ ಕಾಯಲು ಕಚ್ಚುತ್ತದೆ. ಮರಿ ಹಾಕಿದ್ದರೆ, ಮೈ ನೋಯುತ್ತಿದ್ದರೆ ಕಚ್ಚುತ್ತದೆ. ಈ ಮಹಾಜ್ಞಾನವನ್ನು ಚಳಿಗಾಲವಿಡೀ ಊಟದ ಹೊತ್ತಿಗೆ ಹೆಂಡತಿ ರುಮ್ಯಾನಾಗೆ ಬಡಿಸಿದ್ದೆ.

ಅದಕ್ಕೆ ಕಾರಣವೂ ಇತ್ತು. ಮಗಳು ಕಲಿನಾ ಮೆಚ್ಚಿದ ಹುಡುಗನ ಮನೆಯಲ್ಲಿ ಕರುವಿನಷ್ಟು ದೊಡ್ಡ ಕುರಿಕಾಯುವ ನಾಯಿಯಿತ್ತು, ಹೆಸರು ಕರಮಾನ್. ಚಳಿಗಾಲ ಮುಗಿಯುವಾಗ ನಾವು ಗಂಡಸರು ಮೇಕೆ ಚರ್ಮ ತೊಟ್ಟು, ಸೊಂಟದ ಸುತ್ತ ಗಂಟೆ ಕಟ್ಟಿ, ಕೊಂಬಿನ ಮುಖವಾಡ ಹಾಕಿ, ಮನೆಮನೆಯ ಅಂಗಳದಲ್ಲಿ ಕುಣಿದು ಕೆಡುಕನ್ನು ಓಡಿಸುವುದು ವಾಡಿಕೆ. ಈ ಸಲ ದಂಡಿನ ನಾಯಕ ನಾನು. ಬೀಗಿತ್ತಿಯಾಗಬೇಕಾದ ವಾಸ್ಕಾ ಶಕುನ ನೋಡದೆ ನೀರೂ ಕುಡಿಯದ ಹೆಂಗಸು. ಅವಳ ಅಂಗಳದಲ್ಲಿ ಕುಣಿತ ಕೆಟ್ಟರೆ ಮದುವೆಯ ಮಾತೂ ಕೆಟ್ಟಂತೆಯೇ.

"ಅಟ್ಟದಿಂದ ಇಳಿಸಿದ ವೇಷಾನ ಹಾಗೇ ತೊಡ್ತೀರಲ್ರೀ. ಒಂದಿನ ಬಿಸಿಲಿಗೆ ಹಾಕಬಾರದಾ?" ಎಂದಳು ರುಮ್ಯಾನಾ.

"ನಾಯಿ ನೋಡೋದು ನಡತೇನ ಕಣೇ, ಬಟ್ಟೇನಲ್ಲ" ಎಂದು ಹೊರಟೆ.

ವಾಸ್ಕಾಳ ಗೇಟು ದಾಟಿದ್ದೇ ಕರಮಾನ್ ಎದ್ದು ನಿಂತಿತು. ನನ್ನ ದಂಡು ಗೇಟಿನಾಚೆಗೇ ನಿಂತಿತು. ಹೆದರಿದ ನಾಯಿಯ ಮುಂದೆ ನಾವು ಚಿಕ್ಕವರಾಗಬೇಕು, ಕಣ್ಣಿಗೆ ಕಣ್ಣು ಕೊಡಬಾರದು. ನಾನು ಬೆನ್ನು ತಿರುಗಿಸಿ ನಿಧಾನವಾಗಿ ಕುಕ್ಕರಗಾಲಲ್ಲಿ ಕೂತೆ. ಗಂಟೆಗಳ ಭಾರಕ್ಕೆ ಮತ್ತೆ ಏಳಲಾಗುವುದಿಲ್ಲ ಎಂಬುದು ಕೂತ ಮೇಲೆ ಹೊಳೆಯಿತು.

ಕರಮಾನ್ ಬಂತು. ಮೂಸಿತು. ಮೆಲ್ಲಗೆ ನೆಕ್ಕಿತು. "ನೋಡ್ರಪ್ಪಾ, ಇದಕ್ಕೇ ಅನ್ನೋದು ವಿದ್ಯೆ ಅಂತ" ಎಂದು ದಂಡಿನವರಿಗೆ ಕೂಗಿ ಹೇಳಿದೆ. ವಿದ್ಯೆ ಎಂಬ ಮಾತು ಮುಗಿಯುವ ಮುನ್ನ ನನ್ನ ಹಿಂಭಾಗ ಅದರ ಬಾಯಲ್ಲಿತ್ತು!

ಹೇಗೆ ಎದ್ದೆನೋ ದೇವರೇ ಬಲ್ಲ. ಇಗರ್ಜಿಯವರೆಗೂ ಓಡಿದೆ, ಗಂಟೆಗಳನ್ನೆಲ್ಲ ಒಟ್ಟಿಗೆ ಮೊಳಗಿಸುತ್ತ. ಅಂಥ ನಾದವನ್ನು ಊರು ಹಿಂದೆಂದೂ ಕೇಳಿರಲಿಲ್ಲವಂತೆ.

ಡಾಕ್ಟರ ಹತ್ತಿರ ಸೂಜಿ ಚುಚ್ಚಿಸಿಕೊಂಡು ಬಂದು ಬೋರಲು ಮಲಗಿ, ಕಚ್ಚಿದ್ದು ಹೆದರಿಕೆಯಿಂದಲೋ ಅಂಗಳದ ಅಭಿಮಾನದಿಂದಲೋ ಎಂದು ಚಿಂತಿಸುತ್ತಿದ್ದೆ.

"ಎರಡೂ ಅಲ್ಲ. ಚಳಿಗಾಲವೆಲ್ಲ ಅಟ್ಟದಲ್ಲಿ ನಿಮ್ಮ ವೇಷ ನಾನು ಒಣಗಿಸೋಕೆ ಕಟ್ಟಿದ್ದ ಸಾಸೇಜುಗಳ ಕೆಳಗೇ ನೇತಾಡ್ತಿತ್ತು" ಎಂದಳು ರುಮ್ಯಾನಾ. "ಕೊಬ್ಬೆಲ್ಲ ಅದರ ಮೇಲೇ ತೊಟ್ಟಿಕ್ಕಿದೆ. ನಾಯಿ ಊಟಕ್ಕೆ ಕೂತಿತ್ತು, ಅಷ್ಟೇ."

ಮದುವೆ ಮುರಿಯಿತೆಂದು ಕಲಿನಾ ಮೂಲೆಯಲ್ಲಿ ಅಳುತ್ತಿದ್ದಳು. ಅಷ್ಟರಲ್ಲಿ ಚೀಸ್ ತುಂಬಿದ ಬಿಸಿ ಬಾನಿತ್ಸಾ ಹಿಡಿದು ವಾಸ್ಕಾ ಒಳಗೆ ಬಂದಳು. ಅವಳ ಮುಖ ಅರಳಿತ್ತು.

"ಮದುವೆ ದಿನ ಗೊತ್ತು ಮಾಡೋಣ, ಬೀಗರೇ. ಕೆಡುಕು ಕೊಂಬು ಸಮೇತ ನಮ್ಮ ಅಂಗಳ ಬಿಟ್ಟು ಓಡಿದ್ದನ್ನ ಊರೇ ನೋಡ್ತು. ಬರೋ ವರ್ಷಾನೂ ನೀವೇ ಬರಬೇಕು. ಕರಮಾನ್ ಆಗ್ಲೇ ಗೇಟಿನ ಹತ್ರ ಕಾಯ್ತಾ ಕೂತಿದೆ."