ನಾಲ್ಕು ಗುಡ್ಡೆಯ ಸಸ್ಯಾಹಾರಿ

ನನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ಮಾತನಾಡಿಕೊಂಡು ಬಂದಿದ್ದೇನೆ. ತೂಕ ಮತ್ತು ಅಳತೆಯ ಇಲಾಖೆಯಲ್ಲಿದ್ದವನು, ನಂಜನಗೂಡು, ತಿ. ನರಸೀಪುರದ ಸಂತೆಗಳಲ್ಲಿ ತಕ್ಕಡಿ ಪರೀಕ್ಷಿಸಿ ಮುದ್ರೆ ಹೊಡೆಯುವುದು ನನ್ನ ಕೆಲಸವಾಗಿತ್ತು. "ದಾರಿಯಲ್ಲಿ ಸಿಕ್ಕ ಕಲ್ಲನ್ನು ತೂಕಕ್ಕೆ ಇಡಬೇಡ್ರಪ್ಪಾ" ಎಂದು ನಾನು ಹೇಳದ ವಾರವಿಲ್ಲ. ಎಲ್ಲರೂ ತಲೆಯಾಡಿಸುತ್ತಿದ್ದರು, ನಾನು ಬೆನ್ನು ತಿರುಗಿಸಿದ ಕೂಡಲೇ ಕಲ್ಲು ತಕ್ಕಡಿಗೆ ಬರುತ್ತಿತ್ತು. ಮನೆಯಲ್ಲೂ ಇದಕ್ಕಿಂತ ಹೆಚ್ಚಿನ ಮರ್ಯಾದೆ ಸಿಕ್ಕಿದ ನೆನಪಿಲ್ಲ. ಹಾಗಿರುವಾಗ, ಹೋದ ಯುಗಾದಿಗೆ ಮುಂಚೆ ನಮ್ಮ ಬೀದಿಯ ಮೂರು ಮನೆಯವರು ನನ್ನ ಮಾತನ್ನು ನಿಜವಾಗಿಯೂ ಕೇಳಿಬಿಟ್ಟಾಗ ನನಗೆ ಆದದ್ದು ಸಂತೋಷವಲ್ಲ, ಗಾಬರಿ. ಅದು ಇನ್ನೂ ಪೂರ್ತಿ ಇಳಿದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ, ನಾನು ಕಂಡಷ್ಟನ್ನೇ ಬರೆಯುತ್ತೇನೆ.

ನಿವೃತ್ತನಾಗಿ ದೇವನೂರಿನ ಮನೆಗೆ ಬಂದ ಮೇಲೆ ತೂಗಲು ಏನೂ ಇಲ್ಲದೆ ನಾನು ಊಟವನ್ನು ತೂಗತೊಡಗಿದೆ. ಒಂದು ಟಗರು ಮರಿಯಿಂದ ದೊಡ್ಡದಾಗುವವರೆಗೆ ಎಷ್ಟು ಹುಲ್ಲು, ಎಷ್ಟು ಹುರುಳಿ, ಎಷ್ಟು ಬೂಸಾ ತಿನ್ನುತ್ತದೆ, ಅಷ್ಟಕ್ಕೆ ತಗಲುವ ದುಡ್ಡಿನಲ್ಲಿ ಒಂದು ಸಂಸಾರಕ್ಕೆ ಎಷ್ಟು ದಿನದ ಅವರೆಕಾಳು, ಸೊಪ್ಪು, ತರಕಾರಿ ಬರುತ್ತದೆ ಎಂದು ಹಳೆಯ ಡೈರಿಯಲ್ಲಿ ಬರೆದೆ. ತರಕಾರಿಯೇ ಗೆದ್ದಿತು. ಎರಡು ಸಲ ಕೂಡಿಸಿದೆ, ಎರಡು ಸಲವೂ ಗೆದ್ದಿತು. ಅವತ್ತಿನಿಂದ ಬಾಡು ಬಿಟ್ಟೆ. ನನ್ನ ಹೆಂಡತಿ ಸರೋಜ, "ಬಿಡಿ, ನಂಗೊಂದ್ ತುಂಡು ಜಾಸ್ತಿ ಸಿಕ್ತದೆ" ಎಂದಳು. ಸಿದ್ಧಾಂತವೊಂದನ್ನು ಇಷ್ಟು ಶಾಂತವಾಗಿ ಸ್ವೀಕರಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ನಮ್ಮ ಕಡೆ ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಬಾಡೂಟ ಆಗಲೇಬೇಕು. ಅಂಗಡಿಯಿಂದ ತರುವುದಿಲ್ಲ; ಬೀದಿಯವರು ಸೇರಿ ಒಂದು ಟಗರು ಕೊಂಡು, ಕಡಿಸಿ, ಬಾಳೆ ಎಲೆಯ ಮೇಲೆ ಸಮಸಮ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ನಮ್ಮ ಬೀದಿಯದು ಹದಿನಾರು ಗುಡ್ಡೆ. ಈ ಸಲದ ಟಗರು ಪಕ್ಕದ ಮನೆ ಚಿಕ್ಕತಾಯಮ್ಮನದು. ಗಂಡ ಇಲ್ಲದ ಹೆಂಗಸು. ತಿ. ನರಸೀಪುರದ ಕಡೆಯ ತವರಿನಿಂದ ಒಂದು ಬನ್ನೂರು ತಳಿಯ ಮರಿಯನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ಸಾಕಿದ್ದಳು. ಗುಡ್ಡೆಯ ದುಡ್ಡು ಬಂದರೆ ಮಳೆಗೆ ಮುಂಚೆ ಸೋರುವ ಮನೆಗೆ ಹೊಸ ಶೀಟು ಹೊದಿಸುವುದು ಅವಳ ಲೆಕ್ಕ.

ನಾನು ಟೀ ಅಂಗಡಿಯಲ್ಲಿ ಕುಳಿತು ನನ್ನ ಲೆಕ್ಕ ಹೇಳಿದೆ. ಬಾಡು ಬಿಟ್ಟ ಮೇಲೂ ಸರೋಜಳಿಗೆಂದು ತೆಗೆದುಕೊಳ್ಳುತ್ತಿದ್ದ ನಮ್ಮ ಪಾಲು ಈ ಸಲ ಬೇಡ ಎಂದೆ. ಮೇವಿನ ವಿಷಯ, ಅವರೆಕಾಳಿನ ವಿಷಯ ಎಲ್ಲ ವಿವರಿಸಿದೆ. ಎದುರು ಮನೆಯ ಪುಟ್ಟಸ್ವಾಮಿ ಬಾಯಿ ತೆರೆದು ಕೇಳಿದ. "ಔದಲ್ವಾ ಸಾ! ಇಷ್ಟ್ ದಿನ ಯಾರೂ ಯೋಳೇ ಇಲ್ವಲ್ಲ" ಎಂದ. ಅವನ ಜೊತೆ ಇನ್ನಿಬ್ಬರು ತಲೆಯಾಡಿಸಿದರು. ಸಂತೆಯವರು ಆಡಿಸುತ್ತಿದ್ದಂತೆಯೇ ಆಡಿಸಿದರು ಎಂದುಕೊಂಡು ನಾನು ಟೀ ಮುಗಿಸಿ ಮನೆಗೆ ಬಂದೆ.

ಹಬ್ಬಕ್ಕೆ ಹತ್ತು ದಿನವಿರುವಾಗ ಚಿಕ್ಕತಾಯಮ್ಮ ಕಾಂಪೌಂಡಿನ ಆಚೆ ನಿಂತಳು. ಜಗಳಕ್ಕೆ ಬಂದವಳಂತೆ ಇರಲಿಲ್ಲ. ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಸಾ, ನೀವ್ ಬ್ಯಾಡ ಅಂದ್ರಿ, ಸರಿ. ಪುಟ್ಟಸಾಮಣ್ಣನೂ ಬ್ಯಾಡ ಅಂತು. ಇನ್ನೆಲ್ಡ್ ಮನೇವ್ರೂ ಬ್ಯಾಡ ಅಂದ್ರು. ಪಾಲು ಹನ್ನೆಲ್ಡೇ ಆಯ್ತು. ತುಂಬ್ನಿಲ್ಲ ಅಂದ್ರೆ ವ್ಯಾಪಾರಿಗೆ ಕೊಟ್ಬುಡ್ತೀನಿ. ಅವ್ನು ಅರ್ಧಕ್ಕೆ ಕೇಳ್ತಾವ್ನೆ. ಶೀಟು ಮುಂದಿನ್ ವರ್ಸ ನೋಡ್ಕಂಡ್ರಾಯ್ತು."

ನನ್ನ ಬಾಯಿ ಸುಮ್ಮನಿರಲಿಲ್ಲ. "ಹಂಗಲ್ಲ ತಾಯಮ್ಮ, ನಿಂಗೇ ಮೇವಿನ ಖರ್ಚು ಎಷ್ಟಾಗಿದೆ ನೋಡು" ಎಂದೆ.

"ಮೇವಾ? ಯಾವ ಮೇವು ಸಾ?" ಎಂದು ಅವಳು ಸರೋಜಳ ಮುಖ ನೋಡಿದಳು. ಸರೋಜ ಸೀಬೆಮರದ ತುದಿ ನೋಡಿದಳು.

ಇಲಾಖೆಯಲ್ಲಿದ್ದಾಗ ಅನುಮಾನ ಬಂದ ಅಂಗಡಿಯ ಎದುರು ಸುಮ್ಮನೆ ಕುಳಿತು ನೋಡುವುದು ನನ್ನ ಪದ್ಧತಿ. ಮಾರನೆಯ ದಿನದಿಂದ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಡೈರಿ ಹಿಡಿದು ಕುಳಿತೆ. ಐದು ದಿನ ಕಂಡದ್ದು ಇಷ್ಟು. ಸೋಮವಾರ: ಹೀರೇಕಾಯಿ ಸಿಪ್ಪೆ, ಹುರುಳಿಕಾಯಿ ನಾರು, ಬಾಳೆಹಣ್ಣಿನ ಸಿಪ್ಪೆ ಎಂಟು. ಮಂಗಳವಾರ: ದಂಟಿನ ಬುಡ, ಕೋಸಿನ ಮೇಲೆಲೆ, ಕಾಳು ಬೇಯಿಸಿದ ಕಟ್ಟು. ಬುಧವಾರ: ಸೋರೇಕಾಯಿ ಸಿಪ್ಪೆ, ಅವರೆಕಾಯಿ ಸಿಪ್ಪೆ ಒಂದು ಕುಕ್ಕೆ. ಗುರುವಾರ, ಶುಕ್ರವಾರವೂ ಇದೇ ರೀತಿ. ಅದೆಲ್ಲ ನನ್ನದೇ ಅಡುಗೆಮನೆಯಿಂದ ಹೊರಟು, ನನ್ನದೇ ಹೆಂಡತಿಯ ಕೈಯಿಂದ ಕಾಂಪೌಂಡು ದಾಟಿ ಟಗರಿನ ಬಾಯಿಗೆ ಹೋಗುತ್ತಿತ್ತು. ಸಂಜೆ ಚಿಕ್ಕತಾಯಮ್ಮ ಅದನ್ನು ಹೊಡೆದುಕೊಂಡು ಹೋಗಿ ಗದ್ದೆ ಬದುವಿನ ಹುಲ್ಲು ಮೇಯಿಸಿ ತರುತ್ತಿದ್ದಳು. ಬದು ಕೂಡ ನನ್ನದೇ. ಡೈರಿಯಲ್ಲಿ ನಾನು ದುಡ್ಡು ಕೊಟ್ಟು ತಿನ್ನಿಸಿದ್ದ ಬೂಸಾ, ಹುರುಳಿಯನ್ನು ಈ ಟಗರು ಮೂಸಿಯೂ ನೋಡಿರಲಿಲ್ಲ. ಚಿಕ್ಕತಾಯಮ್ಮ ದಿನಾ ನಡೆದ ದೂರಕ್ಕೆ ಮಾತ್ರ ನಾನು ಒಂದು ಸಾಲೂ ಬರೆದಿರಲಿಲ್ಲ.

"ಮೊದ್ಲೇ ಹೇಳಬಾರದಿತ್ತಾ?" ಎಂದು ಸರೋಜಳನ್ನು ಕೇಳಿದೆ.

"ನೀವು ಕೇಳಿದ್ರಾ? ಬರೀತಾ ಇದ್ರಿ" ಎಂದಳು.

ಸರಿ, ತಪ್ಪು ನನ್ನದು, ತಿದ್ದುವುದೂ ನನ್ನದೇ ಎಂದು ಪುಟ್ಟಸ್ವಾಮಿಯ ಮನೆಗೆ ಹೋದೆ. ನನ್ನ ಲೆಕ್ಕ ತಪ್ಪು, ಈ ಟಗರಿಗೆ ಅದು ಅನ್ವಯಿಸುವುದಿಲ್ಲ, ನಿನ್ನ ಪಾಲು ತಗೋ ಎಂದೆ. ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬನನ್ನು ಒಪ್ಪಿಸಿದ್ದೆನಲ್ಲ, ಅವನು ಕದಲಲಿಲ್ಲ.

"ಅದೆಂಗಾದದು ಸಾ? ನೀವೇ ಅಷ್ಟು ಬುಡ್ಸಿ ಬುಡ್ಸಿ ಯೋಳಿದ್ರಿ. ನಮ್ಮನೇಲಿ ಅವರೆಕಾಳು ತಂದಾಗೋಯ್ತು."

ಉಳಿದಿಬ್ಬರದೂ ಅದೇ ಮಾತು. ಅಲ್ಲಿಂದ ನೇರವಾಗಿ ಚಿಕ್ಕತಾಯಮ್ಮನ ಬಾಗಿಲಿಗೆ ಹೋಗಿ, ವ್ಯಾಪಾರಿಗೆ ಬರಬೇಡ ಅಂತ ಹೇಳು, ನಾಲ್ಕು ಪಾಲೂ ನನ್ನ ಹೆಸರಿಗೆ ಎಂದೆ. "ಡಾಕ್ಟ್ರು ತಿನ್ನು ಅಂದ್ರಾ ಸಾ?" ಎಂದು ಅವಳು ಮೆಲ್ಲಗೆ ಕೇಳಿದಳು.

ಹೊಸತೊಡಕಿನ ಬೆಳಿಗ್ಗೆ ಎಲೆಗಳ ಮೇಲೆ ಹದಿನಾರು ಗುಡ್ಡೆ ಎದ್ದವು. ತಕ್ಕಡಿ ಇಲ್ಲ, ಬರೀ ಕಣ್ಣಳತೆ. ಜೇಬಿನಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ನಿಂತೆ. ಯಾವ ಗುಡ್ಡೆ ಯಾರಿಗೆ ಎಂಬುದನ್ನು ಒಬ್ಬರು ಬೆನ್ನು ತಿರುಗಿಸಿ ನಿಂತು ಹೆಸರು ಕೂಗಬೇಕು; ಆಗ ಹಿಂದೆ ಇನ್ನೊಬ್ಬರು ಕೋಲಿನಿಂದ ಮುಟ್ಟಿದ ಗುಡ್ಡೆ ಆ ಹೆಸರಿಗೆ. ಎರಡು ವರ್ಷದಿಂದ ಆ ಕೆಲಸ ನನ್ನದಾಗಿತ್ತು. ತಿನ್ನದವನಿಗೆ ಆಸೆಯಿಲ್ಲ, ಆಸೆಯಿಲ್ಲದವನು ನ್ಯಾಯವಾಗಿ ಕೂಗುತ್ತಾನೆ ಎಂದು ಬೀದಿಯವರು ಕೊಟ್ಟಿದ್ದ ಮರ್ಯಾದೆ. ಅಭ್ಯಾಸದಂತೆ ಹೋಗಿ ಬೆನ್ನು ತಿರುಗಿಸಿ ನಿಂತೆ.

"ಸಾ ಬ್ಯಾಡ ಕಣ್ಲಾ" ಎಂದಿತು ಒಂದು ದನಿ. "ಅವ್ರುದ್ದೇ ನಾಕು ಗುಡ್ಡೆ ಅವೆ!"

ಬೀದಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು, ಪಾಲಿಲ್ಲದಿದ್ದರೂ ನೋಡಲು ಬಂದಿದ್ದ ಪುಟ್ಟಸ್ವಾಮಿ. ನಾನು ಪಕ್ಕಕ್ಕೆ ಸರಿದೆ.

ನಾಲ್ಕರಲ್ಲಿ ಮೂರು ಗುಡ್ಡೆಯನ್ನು ಸರೋಜ, ಬೇಡವೆಂದಿದ್ದ ಆ ಮೂರು ಮನೆಗಳಿಗೇ ಕೊಟ್ಟು ಬಂದಳು. ಪುಕ್ಕಟೆ ಬಂದ ಬಾಡಿನ ಬಗ್ಗೆ ನನ್ನ ಡೈರಿಯಲ್ಲಿ ಏನೂ ಹೇಳಿರಲಿಲ್ಲವಾದ್ದರಿಂದ ಅವರು ತಕರಾರಿಲ್ಲದೆ ತೆಗೆದುಕೊಂಡರು. ನನಗೆ ಅವತ್ತು ಹೀರೇಕಾಯಿ ಗೊಜ್ಜು.

ಮಳೆಗೆ ಮುಂಚೆ ಪಕ್ಕದ ಮನೆಗೆ ಶೀಟು ಬಂತು. ಶೀಟಿನ ಹಿಂದೆಯೇ ತವರಿನಿಂದ ಇನ್ನೊಂದು ಮರಿಯೂ ಬಂತು. ಇಷ್ಟೆಲ್ಲ ಆದ ಮೇಲೆ ನನ್ನ ಸಿದ್ಧಾಂತ ಸ್ವಲ್ಪ ಅಲುಗಾಡಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಒಂದು ಭಾನುವಾರ ಸಾರಿನ ವಾಸನೆ ಮೂಗಿಗೆ ಬಡಿದಾಗ, "ಒಂದು ತುಂಡು ಹಾಕು, ನೋಡೋಣ" ಎಂದು ಸರೋಜಳಿಗೆ ಹೇಳಿದೆ. ಕಿಟಕಿಯ ಆಚೆ ಚಿಕ್ಕತಾಯಮ್ಮ ಸಿಪ್ಪೆಗೆ ಕಾಯುತ್ತಿದ್ದಳು. ಕೇಳಿಸಿಕೊಂಡವಳೇ ಗಾಬರಿಯಾದಳು.

"ಅಯ್ಯೋ, ಬ್ಯಾಡಿ ಸಾ! ನೀವ್ ಸೊಪ್ಪು ತರಕಾರಿ ಬುಟ್ಬುಟ್ರೆ ನಮ್ ಮರಿ ಸೊರಗೋಯ್ತದೆ. ನೀವ್ ಬಾಡು ಬುಟ್ ಮ್ಯಾಲೇ ಕಣ್ ಸಾ ಆ ಟಗ್ರು ಅಷ್ಟು ಕೊಬ್ಬಿದ್ದು."

ಸರೋಜ ಸೌಟನ್ನು ಪಾತ್ರೆಗೆ ವಾಪಸು ಬಿಟ್ಟು, ನನ್ನ ತಟ್ಟೆಗೆ ಕೋಸಿನ ಪಲ್ಯ ಬಡಿಸಿದಳು.