ತಮ್ಮನ ತಾಮ್ರದ ಹರಳು

ಆಗ ನನಗೆ ಐವತ್ತೊಂದು. ಇಪ್ಪತ್ತನಾಲ್ಕು ವರ್ಷದ ಹಿಂದಿನ ಮಾತು. ಖಾಲಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ಅಂಥ ಒಬ್ಬನಿಗೆ ಹದಿನೈದು ವರ್ಷ ರೊಟ್ಟಿ ಬಡಿದು ಹಾಕಿದ್ದೇನೆ!

ನನ್ನ ತಮ್ಮ. ಕೊಟ್ಟೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಮದುವೆಯಿಲ್ಲ. ನನ್ನ ಗಂಡ ಸತ್ತ ಮೇಲೆ ಅವ್ವನನ್ನೂ ಕರೆದುಕೊಂಡು ನನ್ನ ಮನೆಗೇ ಬಂದು ಕೂತ. ನಾನೋ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು.

ಅವನ ಡಾಕ್ಟರೇಟು ಒಂದೇ ಒಂದು ಹರಳಿಗಾಗಿ ಹನ್ನೊಂದು ವರ್ಷದಿಂದ ನಿಂತಿತ್ತು. ತಾಮ್ರದ ಉಪ್ಪು, ಪೈರಜೋಲ್ ಅನ್ನುವ ಪುಡಿ, ಎರಡನ್ನೂ ಸ್ಪಿರಿಟ್ಟಿನಲ್ಲಿ ಕರಗಿಸಿ ಸಣ್ಣ ಸೀಸೆಗೆ ಹಾಕುವುದು. ಬಾಯಿಗೆ ಕಾಗದ ಕಟ್ಟಿ ಸೂಜಿಯಲ್ಲಿ ತೂತು ಮಾಡಿ ನನ್ನ ಜೋಳದ ಕೋಣೆಯ ಗೂಡಿನಲ್ಲಿಡುವುದು. ವಾರಗಟ್ಟಲೆ ಮೆಲ್ಲಗೆ ಆರಿದರೆ ತಳದಲ್ಲಿ ನೀಲಿ ಹರಳು ಕೂರುತ್ತದೆ. ಅಲುಗಿದರೆ ಕೆಟ್ಟಿತು! ಹಾಗಾಗಿ ನಮ್ಮ ಮನೆಯಲ್ಲಿ ಖಾರ ಕುಟ್ಟುವಂತಿಲ್ಲ. ಒನಕೆ ಹೊತ್ತು ಪಕ್ಕದ ಗಂಗವ್ವನ ಮನೆಗೆ ಹೋಗುತ್ತಿದ್ದೆ. ಸೀನು ಬಂದರೂ ಅಂಗಳಕ್ಕೆ!

ಗಂಗವ್ವ ಒಮ್ಮೆ ಗೂಡಿಗೆ ಇಣುಕಿದಳು. "ಇದು ಮೈಲುತುತ್ತ ಅಲ್ಲೇನೋ? ಕುರಿ ಕಾಲಿಗೆ ಹಚ್ತೀವಲ್ಲ, ಅದು! ಸಂತ್ಯಾಗ ಬೇಕಾದಷ್ಟು ಸಿಗ್ತೈತಿ."

ತಮ್ಮ ಎರಡು ದಿನ ಊಟ ಬಿಟ್ಟ.

"ಅದರೊಳಗ ಅಂಥಾದ್ದೇನೈತೋ?" ಎಂದೆ.

"ನಡುವ ತಾಮ್ರ ಕುಂತೈತಿ, ಯಕ್ಕಾ. ಪೈರಜೋಲ್ ಅಂದ್ರ ಐದು ಮಂದಿ ದುಂಡಗ ಕೈ ಹಿಡ್ಕೊಂಡು ನಿಂತಂಗ. ಅದರಾಗ ನೈಟ್ರೋಜನ್ ಇಬ್ರು. ಒಬ್ಬ ತಾಮ್ರದ ಕೈ ಹಿಡೀತಾನ. ಯಾರು ಎಷ್ಟು ದೂರ ನಿಂತಾರ ಅಂತ ಎಕ್ಸ್‌ರೇ ಮಷೀನು ಹೇಳ್ತೈತಿ. ಹರಳು ಮಾತ್ರ ಒಂಟಿ ಇರಬೇಕು, ಅಂಟ್ಕೊಂಡು ಬೆಳೆದಿರಬಾರದು."

"ನೀನು ಯಾರ ಕೈನೂ ಹಿಡೀಲಿಲ್ಲ. ಅವರ ಪಂಚಾಯ್ತಿ ನಿನಗ್ಯಾಕಲೇ?"

ಮಷೀನು ಇದ್ದದ್ದು ಅವನ ಗೈಡ್ ಮೇಷ್ಟ್ರ ಊರಿನಲ್ಲಿ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಕೂತರೆ ರಸ್ತೆಯ ಗುಂಡಿಯೆಲ್ಲ ಸೀಸೆಗೆ ತಾಗುತ್ತದಂತೆ, ನಿಂತರೆ ಮೊಣಕಾಲು ತಡೆದುಕೊಳ್ಳುತ್ತದಂತೆ! ಸೀಸೆಯನ್ನು ಎದೆಗೆ ಹಿಡಿದು ಮೂರು ಸಲ ನಿಂತೇ ಹೋದ. ಮೂರು ಸಲವೂ ಹರಳು ಅಂಟಿಕೊಂಡದ್ದೇ. ಬಸ್‌ಸ್ಟ್ಯಾಂಡಿನ ಹುಡುಗರಿಗೆ ನಗಲು ಒಬ್ಬ ಸಿಕ್ಕ, ಅಷ್ಟೇ ಲಾಭ.

ಆಮೇಲೆ ಅವ್ವ ಸತ್ತಳು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಬಾರದಲ್ಲ? ಹೆಣ ಎತ್ತಿದ ಕೂಡಲೇ ಹೆಂಗಸರು ಕೊಡ, ಹಂಡೆ, ಚೊಂಬು ಎಲ್ಲ ಬರಿದು ಮಾಡಿದರು. ಗಂಗವ್ವ ಗೂಡಿನ ಒಂಬತ್ತು ಸೀಸೆಗಳನ್ನೂ ಬಚ್ಚಲಿಗೆ ಸುರಿದಳು. ಎಷ್ಟು ಶ್ರದ್ಧೆ! ಅವ್ವನ ಹೆಣದ ಮುಂದೆ ಹನಿ ಕಣ್ಣೀರು ಹಾಕದವನು ಮಣ್ಣು ಮುಗಿಸಿ ಬಂದು ಬಚ್ಚಲ ಮುಂದೆ ಕುಕ್ಕರಗಾಲಲ್ಲಿ ಕೂತು ಹೋ ಎಂದು ಅತ್ತ.

"ತಾಯಿ ಮ್ಯಾಲೆ ಏಟು ಜೀವ ನೋಡ್ರಿ!" ಎಂದರು ಬಂದವರು.

ಮತ್ತೆ ಸೀಸೆ ಇಟ್ಟ. ಎರಡು ವರ್ಷಕ್ಕೆ ಕಾಮಾಲೆ ಬಂತು. ಕಣ್ಣು ಹಳದಿ, ಹೊಟ್ಟೆ ಗಡಿಗೆ. ಹಾಸಿಗೆಯಿಂದ ಏಳಲಾರದೆ ಗೂಡು ನೋಡಲು ನನ್ನನ್ನೇ ಅಟ್ಟಿದ. ಒಂದು ಸೀಸೆಯಲ್ಲಿ ಸಾಸಿವೆಗಿಂತ ಸಣ್ಣ ನೀಲಿ ಹರಳು, ಅಂಚು ಕತ್ತರಿಸಿಟ್ಟಂತೆ.

"ಒಂಟಿ ಐತೇನು?"

"ನಿನ್ನಂಗ ಒಂಟಿ ಐತಿ."

"ಹಂಗಾರ ಇದ ಅದು, ಯಕ್ಕಾ. ನೀರಿನಿಂದ ತೆಗೀಬ್ಯಾಡ, ಪುಡಿ ಆಗ್ತೈತಿ. ನಾನು ಎದ್ದ ಮ್ಯಾಲೆ ಒಯ್ತೀನಿ."

ಏಳಲಿಲ್ಲ. ಮೂರನೇ ದಿನ ಮಧ್ಯಾಹ್ನ ಸತ್ತ.

ಹೆಣ ಎತ್ತಿದರು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. ನಾನು ಗೂಡಿಗೆ ಬೆನ್ನು ಕೊಟ್ಟು ನಿಂತೆ.

"ಕೊಡ ಚೆಲ್ರಿ, ಹಂಡೆ ಚೆಲ್ರಿ. ಈ ಸೀಸೆ ಮುಟ್ಟಿದ್ರ ಕೈ ಮುರೀತೀನಿ."

"ಸಾವಿನ ನೀರು ಮನಿಯಾಗ ಇಟ್ಕೋತಿಯೇನ? ಹೋದವನು ಕುಡಿಯಾಕ ತಿರುಗಿ ಬರ್ತಾನ!" ಎಂದಳು ಗಂಗವ್ವ.

"ಬರಲಿ ಬಿಡು" ಎಂದೆ.

ಹೆಂಗಸರು ಕೊಡ, ಹಂಡೆಯ ಕಡೆ ತಿರುಗಿದರು.

ಮೂರು ದಿನ ಮನೆ ಬಿಟ್ಟು ಹೋಗಬಾರದು ಎಂದರು. ಮರುದಿನ ಬೆಳಿಗ್ಗೆ ಸೀಸೆಗೆ ಅರಳೆ ಸುತ್ತಿಕೊಂಡು ಹರಪನಹಳ್ಳಿಯ ಮೊದಲ ಬಸ್ಸು ಹತ್ತಿದೆ.

"ಬೇ ಯವ್ವಾ, ಸೀಟು ಖಾಲಿ ಅದಾವ, ಕುಂದ್ರು" ಎಂದ ಕಂಡಕ್ಟರ್.

ಸೀಸೆಯನ್ನು ಎದೆಗೆ ಹಿಡಿದುಕೊಂಡು ನಿಂತೇ ಹೋದೆ.